ಬಾಗಿಲ ಹೊರಗೆ ಹನ್ನೊಂದು ನಿಮಿಷ

ರಾಜ್ಯ ವೈದ್ಯಕೀಯ ಪರವಾನಗಿ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ಒಬ್ಬ ಮುದುಕರನ್ನು ಸಾಯಲು ಬಿಡಲಿಲ್ಲ ಎಂಬ ಅಪರಾಧಕ್ಕೆ ತಾವು ನಮ್ಮೂರಿನ ವೈದ್ಯ ಸಹಾಯಕಿ ಡೀನಾ ಹೌಗ್ಲಿಯ ಪರವಾನಗಿಯನ್ನು ಅಮಾನತಿನಲ್ಲಿಟ್ಟು ಇಂದಿಗೆ ಇಪ್ಪತ್ತಾರು ದಿನ. ತಮ್ಮ ಆದೇಶದಲ್ಲಿ ಹಾಗೆ ಬರೆದಿಲ್ಲ, ಬಲ್ಲೆ. ಅಲ್ಲಿರುವುದು "ಮೇಲ್ವಿಚಾರಕ ವೈದ್ಯರು ಲಭ್ಯವಿಲ್ಲದ ಅವಧಿಯಲ್ಲಿ ಚಿಕಿತ್ಸೆ ನೀಡಿಕೆ" ಎಂಬ ಮಾತು. ಲಭ್ಯವಿಲ್ಲದ ಆ ಮೇಲ್ವಿಚಾರಕರ ಹೆಸರನ್ನು ಎರಡನೆಯ ಪುಟದಲ್ಲಿ ಬರೆದಿದ್ದೀರಿ. ಚಿಕಿತ್ಸೆ ಪಡೆದ ರೋಗಿಯ ಹೆಸರನ್ನು ಐದನೆಯ ಪುಟದಲ್ಲಿ ಬರೆದಿದ್ದೀರಿ. ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಓದುವ ಪುರುಸೊತ್ತು ತಮ್ಮ ಕಚೇರಿಯಲ್ಲಿ ಯಾರಿಗೂ ಸಿಕ್ಕಂತಿಲ್ಲ. ಎರಡರಲ್ಲೂ ಇರುವುದು ಒಂದೇ ಹೆಸರು: ಡಾ. ಓರ್ವಿಲ್ ಟ್ವೆಟನ್, ವಯಸ್ಸು ಎಂಬತ್ತಾರು.

ನಾನು ಮಾವಿಸ್ ಎಂಗರ್. ಸ್ಕಾರ್‌ವಿಕ್ ಶಾಲೆಯ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿ ನಿವೃತ್ತಳಾದವಳು. ಹಿಂದಿನ ಸೀಟಿನಲ್ಲಿ ಕೂತವರು ಏನು ಕಿತಾಪತಿ ಮಾಡುತ್ತಿದ್ದಾರೆ ಎಂಬುದನ್ನು ಮುಂದೆ ನೋಡುತ್ತಲೇ ಕನ್ನಡಿಯಲ್ಲಿ ಕಂಡುಹಿಡಿಯುವುದು ನನ್ನ ಕಸುಬು. ಕಾನೂನು ಓದಿದವಳಲ್ಲ. ಆದರೆ ತಮ್ಮ ನಿಯಮಾವಳಿಯನ್ನು ಈಗ ಮೂರು ಸಲ ಓದಿದ್ದೇನೆ, ಏಕೆಂದರೆ ಜನವರಿ ಹದಿನೇಳರ ಆ ಬೆಳಿಗ್ಗೆ ಆ ಜಾಗದಲ್ಲಿ ನಾನೂ ಇದ್ದೆ. ತಮ್ಮ ಆದೇಶದಲ್ಲಿ ನನ್ನನ್ನು "ಸ್ಥಳದಲ್ಲಿದ್ದ ಸ್ಥಳೀಯ ಮಹಿಳೆ" ಎಂದಿದ್ದೀರಿ. ಸ್ಥಳೀಯ ಮಹಿಳೆ ಆ ದಿನ ಏನು ಮಾಡಿದಳು ಎಂದು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ಹೇಳಬೇಕಾದ ಮಾತು ಕೆಲವಿವೆ.

ನಮ್ಮೂರಿನಲ್ಲಿ ಮುನ್ನೂರ ನಲವತ್ತು ಜನ. ಸುತ್ತಲಿನ ಹೊಲಮನೆಗಳನ್ನು ಸೇರಿಸಿದರೆ ಇನ್ನಷ್ಟು. ಹತ್ತಿರದ ಆಸ್ಪತ್ರೆ ತೊಂಬತ್ತೆರಡು ಮೈಲಿ ದೂರ, ಅದೂ ಹಿಮಗಾಳಿ ದಾರಿ ಬಿಟ್ಟರೆ. ಡೀನಾ ಹದಿನಾರು ವರ್ಷಗಳಿಂದ ನಮ್ಮ ಚಿಕಿತ್ಸಾಲಯವನ್ನು ಒಬ್ಬಳೇ ನಡೆಸುತ್ತಿದ್ದಾಳೆ. ಹೆಸರಿಗೆ ವೈದ್ಯ ಸಹಾಯಕಿ. ಯಾವ ವೈದ್ಯರಿಗೆ ಸಹಾಯ ಮಾಡುತ್ತಾಳೆ ಎಂದು ಹುಡುಕಿಕೊಂಡು ಬಂದರೆ ಅಲ್ಲಿ ಸಿಗುವುದು ಅವಳು, ಒಬ್ಬ ನರ್ಸು ಮತ್ತು ಕಾಫಿ ಯಂತ್ರ. ಹೊಲದ ಯಂತ್ರಗಳಿಗೆ ಸಿಕ್ಕಿದ ಬೆರಳುಗಳನ್ನು ಹೊಲಿದಿದ್ದಾಳೆ, ದಾರಿ ಮುಚ್ಚಿದಾಗ ಎರಡು ಹೆರಿಗೆ ಮಾಡಿಸಿದ್ದಾಳೆ. ನನ್ನ ಗಂಡ ಲೈಲ್ ಎದೆ ಹಿಡಿದುಕೊಂಡು "ಅಂಥದ್ದೇನಿಲ್ಲ" ಎಂದಾಗ ಅದು ಎಂಥದ್ದು ಎಂದು ಕಂಡುಹಿಡಿದು ಹೆಲಿಕಾಪ್ಟರ್ ತರಿಸಿದವಳು ಅವಳೇ. ಲೈಲ್ ಇವತ್ತು ಪಕ್ಕದ ಕೋಣೆಯಲ್ಲಿ ಕೂತು, ಈ ಪತ್ರ ತುಂಬ ಉದ್ದವಾಯಿತು ಎಂದು ಗೊಣಗುತ್ತಿದ್ದಾನೆ.

ಡೀನಾ ಮಾರ್ಫಿನ್ ಬರೆದುಕೊಡಬಲ್ಲಳು. ತಮ್ಮ ಕಾನೂನು ಅದಕ್ಕೆ ಒಪ್ಪುತ್ತದೆ. ಆದರೆ ನನ್ನಂಥ ಸಕ್ಕರೆ ಕಾಯಿಲೆಯವರ ಪಾದಕ್ಕೆ ಕೊಡುವ ಮೆತ್ತನೆಯ ಬೂಟನ್ನು ಬರೆದುಕೊಡುವ ಹಾಗಿಲ್ಲ. ಅದಕ್ಕೆ ವೈದ್ಯರೇ ಆಗಬೇಕು. ಮಾರ್ಫಿನ್ ತಪ್ಪಾದರೆ ಮನುಷ್ಯ ಸಾಯುತ್ತಾನೆ. ಬೂಟು ತಪ್ಪಾದರೆ ಏನಾಗುತ್ತದೆ, ಮಾನ್ಯರೇ? ಜನ ಬೂಟಿನ ಚಟಕ್ಕೆ ಬಿದ್ದು ಹಾಳಾಗುತ್ತಾರೆಯೇ? ಸಂಜೆಯಾದರೆ ಊರ ಹಿಂದೆ ಗುಂಪುಗೂಡಿ ಕದ್ದ ಬೂಟು ಹಾಕಿಕೊಳ್ಳುತ್ತಾರೆಯೇ? ಯಾರಾದರೂ ಸತ್ತರೆ, ಸತ್ತಿದ್ದಾರೆ ಎಂದು ಬರೆಯುವ ಅಧಿಕಾರವೂ ಅವಳಿಗಿಲ್ಲ. ಬದುಕಿಸುವ ಜವಾಬ್ದಾರಿ ಪೂರ್ತಿ ಅವಳದು, ಸತ್ತದ್ದನ್ನು ನಂಬುವ ಹಕ್ಕು ಮಾತ್ರ ಇಲ್ಲ.

ಇದೆಲ್ಲಕ್ಕೂ ಸಹಿ ಹಾಕಲು, ಅವಳ ಕಡತಗಳನ್ನು ಪರಿಶೀಲಿಸಲು, ತಿಂಗಳಿಗೊಮ್ಮೆ ಬಂದು ಅವಳ ಬೆನ್ನ ಹಿಂದೆ ನಿಲ್ಲಲು ಅರವತ್ತು ಮೈಲಿಯೊಳಗೆ ಒಬ್ಬ ಮೇಲ್ವಿಚಾರಕ ವೈದ್ಯರಿರಬೇಕು ಎಂದು ತಮ್ಮ ನಿಯಮ. ಊರನ್ನು ನಡುವೆ ಇಟ್ಟು ಅರವತ್ತು ಮೈಲಿಯ ವೃತ್ತ ಎಳೆದು ನೋಡಿ. ಅದರೊಳಗೆ ಐದು ಹಳ್ಳಿ, ಎರಡು ಧಾನ್ಯದ ಗೋಪುರ, ಲೆಕ್ಕವಿಲ್ಲದಷ್ಟು ದನ, ದನಗಳಿಗೊಬ್ಬ ಡಾಕ್ಟರು ಮತ್ತು ಓರ್ವಿಲ್ ಟ್ವೆಟನ್ ಇದ್ದಾರೆ. ದನದ ಡಾಕ್ಟರಿಗೆ ಮೇಲ್ವಿಚಾರಕರು ಬೇಕಿಲ್ಲ. ನನ್ನ ಹಸುವಿನ ಕಾಲಿಗೆ ಗಾಯವಾದರೆ ಅವರು ಯಾರನ್ನೂ ಕೇಳದೆ ಕೊಟ್ಟಿಗೆಗೆ ನುಗ್ಗಿ ಹೊಲಿಗೆ ಹಾಕಬಹುದು.

ಟ್ವೆಟನ್ ಡಾಕ್ಟರು ಚಿಕಿತ್ಸೆ ಮಾಡುವುದನ್ನು ಬಿಟ್ಟು ಹದಿನಾರು ವರ್ಷವಾಯಿತು. ಹೆಂಡತಿಯೊಡನೆ ಅರಿಜೋನಾದ ಬಿಸಿಲಿಗೆ ಹೋಗಿ ನೆಲೆಸುವ ಯೋಚನೆ ಇತ್ತು. ಆಕೆ ತೀರಿಕೊಂಡರು. ಆಮೇಲೆ ಊರವರೆಲ್ಲ ಅವರ ಮನೆಗೆ ಹೋಗಿ, ಪರವಾನಗಿಯೊಂದನ್ನು ಇಟ್ಟುಕೊಳ್ಳಿ, ಡೀನಾಗೆ ಸಹಿ ಹಾಕಿಕೊಡಿ, ಬೇರೇನೂ ಬೇಡ ಎಂದು ಬೇಡಿಕೊಂಡೆವು. ಒಪ್ಪಿದರು. ಅಂದಿನಿಂದ ನಮ್ಮ ಚಿಕಿತ್ಸಾಲಯದ ಬಾಗಿಲು ತೆರೆದಿರುವುದು ಒಬ್ಬ ಮುದುಕರ ಉಸಿರಿನ ಮೇಲೆ. ಅವರು ಹೋದ ದಿನವೇ ಡೀನಾಳ ಕೈ ಕಟ್ಟಿಬಿಡುತ್ತದೆ. ಹಾಗಾಗಿ ಮಾನ್ಯರೇ, ಮುನ್ನೂರ ನಲವತ್ತು ಜನ ಸೇರಿ ಅವರನ್ನು ಬದುಕಿಸುವ ಕೆಲಸಕ್ಕೆ ಇಳಿದೆವು.

ಚರ್ಚಿನ ವಾರಪತ್ರಿಕೆಯಲ್ಲಿ ಹಾಡುಗಳ ಪಟ್ಟಿಯ ಕೆಳಗೆ "ಡಾಕ್ಟರ ಪಾಳಿ" ಎಂಬ ಇನ್ನೊಂದು ಪಟ್ಟಿ ಬರುತ್ತದೆ. ಸೋಮವಾರ ಅವರ ಮೆಟ್ಟಿಲ ಮೇಲಿನ ಹಿಮ ಯಾರು ಬಾಚಬೇಕು, ಮಂಗಳವಾರ ಊಟ ಯಾರದು, ಬುಧವಾರ ಅವರು ಕಾರು ಹೊರಗೆ ತೆಗೆದರೆ ಹಿಂದೆ ಯಾರು ಹೋಗಬೇಕು, ಎಲ್ಲ ಅದರಲ್ಲಿದೆ. ಅವರು ಸೂರಿನ ಮೇಲೆ ಹತ್ತುತ್ತಾರೆಂಬ ಸುದ್ದಿ ಬಂದ ಕೂಡಲೇ ಅವರ ಏಣಿ ಮಾಯವಾಯಿತು. ಅವರು ಕಳ್ಳತನದ ದೂರು ಕೊಟ್ಟರು. ದೂರು ಬರೆದುಕೊಂಡ ಪೊಲೀಸಿನವನ ಗ್ಯಾರೇಜಿನಲ್ಲೇ ಏಣಿ ಇತ್ತು. ಹೋಟೆಲಿನಲ್ಲಿ ಅವರು ಬಂದರೆಂದರೆ ಮೇಜುಗಳ ಮೇಲಿನ ಉಪ್ಪಿನ ಡಬ್ಬಿಗಳೆಲ್ಲ ಕೆಳಗಿಳಿಯುತ್ತವೆ. ಅವರ ಎಂಬತ್ತೈದನೆಯ ಹುಟ್ಟುಹಬ್ಬಕ್ಕೆ ಊರಿಗೆ ಊರೇ ಸೇರಿ ದೀರ್ಘಾಯುಸ್ಸು ಕೋರಿದಾಗ, ನಮ್ಮ ದನಿಯಲ್ಲಿದ್ದ ಗಾಬರಿ ಅವರಿಗೆ ಅರ್ಥವಾಗಿಬಿಟ್ಟಿತು.

"ನಾನೇನು ಈ ಊರಿನ ನೀರಿನ ಟ್ಯಾಂಕಾ? ದಿನಾ ಬಂದು ಎಷ್ಟು ಉಳಿದಿದೆ ಅಂತ ಇಣುಕಿ ಹೋಗ್ತೀರಲ್ಲ?" ಎಂದರು, ಕೇಕು ಕತ್ತರಿಸುತ್ತ.

ಅವರಿಗೂ ಸಕ್ಕರೆ ಕಾಯಿಲೆ. ಅವರಿಗೆ ಔಷಧಿ ಕೊಡುವವಳು ಡೀನಾ. ಡೀನಾ ಅವರ ಬಗ್ಗೆ ಬರೆದ ಕಡತ ನಿಯಮದ ಪ್ರಕಾರ ಮೇಲ್ವಿಚಾರಕರ ಪರಿಶೀಲನೆಗೆ, ಅಂದರೆ ಅವರ ಬಳಿಗೇ ಹೋಗುತ್ತದೆ. "ರೋಗಿ ಮಾತು ಕೇಳುವುದಿಲ್ಲ, ಕದ್ದು ಕೇಕು ತಿನ್ನುತ್ತಾರೆ" ಎಂದು ಅವಳು ಬರೆದರೆ, ಕೆಳಗೆ "ಪರಿಶೀಲಿಸಿದೆ, ಒಪ್ಪಿದೆ" ಎಂದು ಅವರ ಸಹಿ ಇರುತ್ತದೆ. ಇಂಥ ಕಡತಗಳು ಪ್ರತಿ ಮೂರು ತಿಂಗಳಿಗೊಮ್ಮೆ ತಮ್ಮ ಮಂಡಳಿಗೆ ಬಂದಿವೆ. ಹದಿನಾರು ವರ್ಷಗಳಲ್ಲಿ ತಾವು ಒಂದು ಸಲವಾದರೂ ನಕ್ಕಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ.

ಇನ್ನು ಜನವರಿ ಹದಿನೇಳು. ಅವತ್ತಿನ ಚಳಿ ಸೊನ್ನೆಗಿಂತ ಇಪ್ಪತ್ತೇಳು ಡಿಗ್ರಿ ಕೆಳಗೆ. ಕೆರೆ ಹೆಪ್ಪುಗಟ್ಟಿದ ಮೇಲೆ ನಮ್ಮ ಗಂಡಸರು ಅದರ ಮೇಲೆ ಪುಟ್ಟ ಪುಟ್ಟ ಮರದ ಗುಡಿಸಲು ಎಳೆದುತಂದಿಟ್ಟು, ಮಂಜುಗಡ್ಡೆಯಲ್ಲಿ ತೂತು ಕೊರೆದು, ಮೀನಿಗೆ ಗಾಳ ಹಾಕಿ ಕೂರುತ್ತಾರೆ. ಮೀನು ನೆಪ. ಒಬ್ಬರೇ ಇರಲಿಕ್ಕೆ ಸಿಗುವ ಜಾಗ ಅದೊಂದೇ. ಆದ್ದರಿಂದ ಒಳಗಿನಿಂದ ಕರೆ ಬರದೆ ಯಾರೂ ಇನ್ನೊಬ್ಬರ ಮೀನುಗುಡಿಸಲಿನ ಬಾಗಿಲು ತೆಗೆಯುವುದಿಲ್ಲ. ಹೆಂಡತಿಯೂ ತೆಗೆಯುವುದಿಲ್ಲ, ಪಾದ್ರಿಯೂ ತೆಗೆಯುವುದಿಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ತಮ್ಮ ನಿಯಮಾವಳಿಗಿಂತ ಚೆನ್ನಾಗಿ ಪಾಲನೆಯಾಗುತ್ತದೆ. ಸಾಲದ್ದಕ್ಕೆ ಕ್ರಿಸ್‌ಮಸ್ ಮುಗಿದ ವಾರ ಡಾಕ್ಟರು ಹೋಟೆಲಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಒಂದು ಮಾತು ಹೇಳಿದ್ದರು.

"ಇನ್ಮೇಲೆ ಕರೀದೇ ಯಾರಾದ್ರೂ ನನ್ನ ಗುಡಿಸಲಿನ ಬಾಗಿಲು ತೆಗೆದ್ರೆ, ಲೈಸೆನ್ಸು ಮಡಚಿ ಲಕೋಟೆಗೆ ಹಾಕಿ ಮಂಡಳಿಗೆ ವಾಪಸ್ ಕಳಿಸಿಬಿಡ್ತೀನಿ. ಆಮೇಲೆ ನೀವೆಲ್ಲ ದನದ ಡಾಕ್ಟ್ರ ಹತ್ರ ಸಾಲಾಗಿ ನಿಂತ್ಕೊಳ್ಳಿ."

ಯಾರೂ ನಗಲಿಲ್ಲ. ಅವರು ಹೇಳಿದ್ದನ್ನು ಮಾಡುವ ಜನ.

ಅವತ್ತು ಪಾಳಿ ನನ್ನದು. ಬೆಳಗಿನ ತಿಂಡಿಯನ್ನು ಅವರ ಮನೆಗೆ ಎಂಟೂವರೆಗೆ ತಲುಪಿಸಬೇಕಿತ್ತು. ನನ್ನ ಎಡಗಾಲಿನ ಅಡಿಯಲ್ಲಿ ಆರದ ಹುಣ್ಣೊಂದಿದೆ, ಅದಕ್ಕೆ ಪಟ್ಟಿ ಕಟ್ಟಿಕೊಳ್ಳುವಷ್ಟರಲ್ಲಿ ತಡವಾಯಿತು. ಹೋದರೆ ಅವರು ಮನೆಯಲ್ಲಿಲ್ಲ, ಆಗಲೇ ಕೆರೆಗೆ ಹೋಗಿದ್ದರು. ಆಲೂಗೆಡ್ಡೆಯನ್ನು ಒಲೆಯಲ್ಲಿ ಬೇಯಿಸಿ ಮಾಡಿದ ಹಾಟ್‌ಡಿಶ್ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಕೆರೆಯ ಮೇಲೆ ಕುಂಟುತ್ತ ನಡೆದು ಅವರ ಗುಡಿಸಲಿಗೆ ಬಂದಾಗ ಗಂಟೆ ಹತ್ತೂ ಇಪ್ಪತ್ತು. ಬಾಗಿಲು ತಟ್ಟಿದೆ. ಒಳಗೆ ಏನೋ ಗೊಣಗಿದ ಸದ್ದು. ಕರೆದದ್ದಂತೂ ಅಲ್ಲ. ಮತ್ತೆ ತಟ್ಟುವುದು ಒರಟುತನವಾಗುತ್ತದೆಂದು ಸುಮ್ಮನೆ ನಿಂತೆ. ಮುನಿಸಿಕೊಂಡಿರಬಹುದು ಅಂದುಕೊಂಡೆ. ಮುನಿಸಿಕೊಂಡರೆ ಲೈಸೆನ್ಸು ಹೋಗುತ್ತದೆ, ಲೈಸೆನ್ಸು ಹೋದರೆ ಡೀನಾ ಹೋಗುತ್ತಾಳೆ, ಡೀನಾ ಹೋದರೆ ನನ್ನ ಕಾಲೂ ಹೋಗುತ್ತದೆ. ಪಾತ್ರೆ ಹಿಡಿದುಕೊಂಡು ಇದನ್ನೇ ಲೆಕ್ಕ ಹಾಕುತ್ತ ನಿಂತೆ. ಹನ್ನೊಂದು ನಿಮಿಷ ನಿಂತೆ, ಮಾನ್ಯರೇ. ಹಾಟ್‌ಡಿಶ್ ಮೇಲೆ ಹಿಮ ಕಟ್ಟಿತು. ಆಮೇಲೆ ಚಿಕಿತ್ಸಾಲಯಕ್ಕೆ ಫೋನು ಮಾಡಿದೆ.

"ಡೀನಾ, ನಾನು ಮಾವಿಸ್. ಕೆಲಸದ ಹೊತ್ತಲ್ಲಿ ತೊಂದ್ರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡ. ಡಾಕ್ಟ್ರು ಒಳಗೆ ಕರೀತಿಲ್ಲ. ಇನ್ನೊಂದು ಸಲ ತಟ್ಟಿದ್ರೆ ತಪ್ಪಾಗುತ್ತಾ ಅಂತ."

"ಬೆಳಗ್ಗೆ ಏನಾದ್ರೂ ತಿಂದಿದಾರಾ?"

"ತಿಂಡಿ ನನ್ನ ಕೈಲೇ ಇದೆ."

"ಇನ್ಸುಲಿನ್ ತಗೊಂಡೇ ಹೋಗಿರ್ತಾರೆ. ಮಾವಿಸ್, ಬಾಗಿಲು ತೆಗಿ."

"ಅವರು ಕರೆದಿಲ್ಲವಲ್ಲ, ಡೀನಾ."

ಫೋನು ಕಟ್ಟಾಯಿತು. ಆರೇಳು ನಿಮಿಷದಲ್ಲಿ ಅವಳು ಹಿಮದ ಮೇಲೆ ಓಡುವ ಯಾರದೋ ಸ್ನೋಮೊಬೈಲ್ ಬಂಡಿ ಏರಿ, ತಲೆಗೆ ಟೊಪ್ಪಿಯೂ ಇಲ್ಲದೆ, ಚಿಕಿತ್ಸಾಲಯದ ಚೀಲ ತೊಡೆಯ ಮೇಲಿಟ್ಟುಕೊಂಡು ಕೆರೆಯ ಮೇಲೆ ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿದಳು. ತಟ್ಟಲಿಲ್ಲ. ಬಾಗಿಲನ್ನು ಎಳೆದು ತೆಗೆದಳು.

ಡಾಕ್ಟರು ಕುರ್ಚಿಯಿಂದ ಜಾರಿ ಬಿದ್ದಿದ್ದರು. ಒಂದು ಕೈ ಮೀನಿನ ತೂತಿನ ನೀರಿನಲ್ಲಿತ್ತು. ಮುಖ ಮೇಣದ ಬಣ್ಣ. ಬೆರಳು ಚುಚ್ಚಿ ನೋಡಿದರೆ ರಕ್ತದಲ್ಲಿ ಸಕ್ಕರೆ ಇಪ್ಪತ್ತೊಂದು. ನೂರರ ಆಸುಪಾಸು ಇರಬೇಕಾದ್ದು. ನರಕ್ಕೆ ಗ್ಲೂಕೋಸ್ ಹಾಕಬೇಕಿತ್ತು. ತಮ್ಮ ಏಳನೆಯ ನಿಯಮ ಏನು ಹೇಳುತ್ತದೆ? ಚಿಕಿತ್ಸಾಲಯದ ಹೊರಗೆ ನರಕ್ಕೆ ಔಷಧಿ ಕೊಡುವ ಮುನ್ನ ಮೇಲ್ವಿಚಾರಕರನ್ನು ದೂರವಾಣಿಯಲ್ಲಿ ಸಂಪರ್ಕಿಸಿ ಅನುಮತಿ ಪಡೆಯತಕ್ಕದ್ದು. ಡೀನಾ ತನ್ನ ಫೋನನ್ನು ನನ್ನ ಕಡೆ ಎಸೆದಳು.

"ಡಾಕ್ಟ್ರಿಗೆ ಕರೆ ಮಾಡು. ಮಾಡಿದ್ವಿ ಅಂತ ಇರಲಿ."

ಮಾಡಿದೆ. ಡಾಕ್ಟರ ಅಂಗಿಯ ಜೇಬಿನಲ್ಲಿ ಪೋಲ್ಕಾ ಕುಣಿತದ ಸಂಗೀತ ಶುರುವಾಯಿತು. ಅವರ ಹೆಂಡತಿ ಇದ್ದಾಗ ಹಾಕಿಕೊಟ್ಟ ರಾಗ ಅದು, ಇನ್ನೂ ಬದಲಾಯಿಸಿಲ್ಲ. ಅದು ಪೂರ್ತಿ ಮುಗಿಯುವವರೆಗೂ ಬಡಿದುಕೊಂಡಿತು. ಮೇಲ್ವಿಚಾರಕರು ಕರೆಯನ್ನು ಸ್ವೀಕರಿಸಲಿಲ್ಲ. ಅವರು ಸ್ವೀಕರಿಸಲಿ ಎಂದು ಡೀನಾ ಕಾಯಲಿಲ್ಲ. ಸೂಜಿ ಆಗಲೇ ಒಳಗಿತ್ತು. ಅವಳ ಅಪರಾಧ ಅಷ್ಟೇ, ಮತ್ತು ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಡಾಕ್ಟರು ಕಣ್ಣು ಬಿಟ್ಟರು. ಮೊದಲ ಮಾತು, "ಬಾಗಿಲು ಹಾಕಿ, ಶಾಖ ಎಲ್ಲ ಹೋಗ್ತಿದೆ" ಎಂದು. ಎರಡನೆಯದು ನನ್ನನ್ನು ನೋಡಿ, "ನಿನ್ನನ್ನ ಯಾರು ಒಳಗೆ ಕರೆದ್ರು?" ನಾನು ಅಲ್ಲೇ ಮಂಜುಗಡ್ಡೆಯ ಮೇಲೆ ಕುಸಿದು ಕೂತು ಅತ್ತೆ. ನಮ್ಮಲ್ಲಿ ಹಾಗೆಲ್ಲ ಅಳುವ ವಾಡಿಕೆ ಇಲ್ಲ, ಇಬ್ಬರೂ ಬೇರೆ ಕಡೆ ನೋಡಿದರು.

ಇದು ತಮಗೆ ಗೊತ್ತಾದದ್ದು ಹೇಗೆ? ಯಾರೂ ಚಾಡಿ ಹೇಳಲಿಲ್ಲ. ಡೀನಾಳೇ ಕಡತದಲ್ಲಿ ಬರೆದಳು: "ಮೇಲ್ವಿಚಾರಕರು ಲಭ್ಯವಿರಲಿಲ್ಲ. ಕಾರಣ, ಪ್ರಜ್ಞೆ ಇರಲಿಲ್ಲ." ಸುಳ್ಳು ಬರೆದಿದ್ದರೆ ಇವತ್ತೂ ಕೆಲಸದಲ್ಲಿರುತ್ತಿದ್ದಳು. ಕಡತ ಎಂದಿನಂತೆ ಪರಿಶೀಲನೆಗೆ ಡಾಕ್ಟರ ಬಳಿ ಹೋಯಿತು. ಅವರು ಕೆಳಗೆ ತಮ್ಮ ಕೈಯಾರೆ, "ಚಿಕಿತ್ಸೆ ಸರಿ. ರೋಗಿ ಮೂರ್ಖ" ಎಂದು ಬರೆದು ಸಹಿ ಹಾಕಿ ತಮಗೆ ಕಳಿಸಿದರು. ಅದು ಹದಿನಾರು ವರ್ಷಗಳಲ್ಲಿ ತಾವು ಓದಿದ ಮೊದಲ ಕಡತವಾಗಿರಬೇಕು.

ತಮ್ಮ ತನಿಖಾಧಿಕಾರಿ ಬಂದರು. ಒಳ್ಳೆಯ ಮನುಷ್ಯ, ಚರ್ಚಿನ ನೆಲಮಾಳಿಗೆಯಲ್ಲಿ ಕೂರಿಸಿ ಕಾಫಿ ಕೊಟ್ಟೆವು. ಘಟನೆಯ ಹೊತ್ತಿನಲ್ಲಿ ನೀವು ಲಭ್ಯವಿದ್ದಿರಾ ಎಂದು ಡಾಕ್ಟರನ್ನು ಕೇಳಿದರು.

"ಇದ್ದೆನಲ್ಲ. ನನ್ನ ತಲೆ ಅವಳ ಮೊಣಕಾಲಿಗೆ ತಾಗಿತ್ತು. ಹದಿನಾರು ವರ್ಷದಲ್ಲಿ ಅಷ್ಟು ಹತ್ತಿರದಿಂದ ನಾನು ಯಾವತ್ತೂ ಮೇಲ್ವಿಚಾರಣೆ ಮಾಡಿಲ್ಲ."

ಅಧಿಕಾರಿ ಅದನ್ನು ಬರೆದುಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಆ ಜಾತಿಯ ಬರವಣಿಗೆ. ಆಮೇಲೆ ನನ್ನ ಕಡೆ ತಿರುಗಿ, ತುರ್ತು ಪರಿಸ್ಥಿತಿಯಲ್ಲಿ ದಾರಿಹೋಕರು ನೆರವಾದರೆ ಕಾನೂನು ರಕ್ಷಣೆ ಕೊಡುತ್ತದೆ ಎಂದು ಸಮಾಧಾನದಿಂದ ವಿವರಿಸಿದರು. ಡೀನಾ ಬರಿಗೈಯಲ್ಲಿ, ತನ್ನ ಪಾಡಿಗೆ ತಾನು ಕೆರೆಯ ಮೇಲೆ ಅಡ್ಡಾಡುತ್ತ ಬಂದಿದ್ದರೆ ತೊಂದರೆ ಇರಲಿಲ್ಲವಂತೆ. ಆದರೆ ಚಿಕಿತ್ಸಾಲಯದ ಚೀಲ ಹಿಡಿದು ಬಂದಳಲ್ಲ, ಅದರಿಂದ ಅದು ಕರ್ತವ್ಯವಾಯಿತು, ಕರ್ತವ್ಯವಾದ್ದರಿಂದ ಅನುಮತಿ ಬೇಕಾಯಿತು. ಅಂದರೆ, ಮಾನ್ಯರೇ, ಗ್ಲೂಕೋಸ್ ಇಲ್ಲದೆ ಬಂದಿದ್ದರೆ ಅದನ್ನು ಕೊಡಲು ಅವಳಿಗೆ ಪೂರ್ತಿ ಅಧಿಕಾರವಿತ್ತು. ಆ ದಿನ ಡಾಕ್ಟರು ಸತ್ತೇ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಅವರು ನಿಯಮಾವಳಿಯ ಪುಟಗಳನ್ನು ಹಿಂದೆ ಮುಂದೆ ತಿರುವಿ ಮುಚ್ಚಿಟ್ಟರು. ಅರವತ್ತು ಮೈಲಿಯೊಳಗೆ ಆ ಸಾವನ್ನು ದೃಢೀಕರಿಸುವ ಅಧಿಕಾರ ಇದ್ದದ್ದು ಓರ್ವಿಲ್ ಟ್ವೆಟನ್ ಒಬ್ಬರಿಗೇ.

ಅಮಾನತಿನ ಆದೇಶದ ಕೊನೆಗೆ, ಬದಲಿ ಮೇಲ್ವಿಚಾರಕರನ್ನು ಗೊತ್ತುಮಾಡಿಕೊಳ್ಳಿ, ಅಲ್ಲಿಯವರೆಗೆ ಡಾ. ಟ್ವೆಟನ್ ಅವರೇ ಖುದ್ದಾಗಿ ರೋಗಿಗಳನ್ನು ನೋಡಬಹುದು ಎಂದು ಕೃಪೆ ಮಾಡಿದ್ದೀರಿ. ಬದಲಿಯವರನ್ನು ಹುಡುಕಿದೆವು. ತೊಂಬತ್ತೆರಡು ಮೈಲಿ ದೂರದ ಆಸ್ಪತ್ರೆಯ ಇಬ್ಬರು ವೈದ್ಯರು ಮನಸ್ಸು ಮಾಡಿದರು, ಆದರೆ ಅವರು ತಾವು ಎಳೆದ ಅರವತ್ತು ಮೈಲಿಯ ಗೆರೆಯ ಆಚೆಗಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ. ಹಾಗಾಗಿ ಹೋದ ಗುರುವಾರ ನಾನು ಟ್ವೆಟನ್ ಡಾಕ್ಟರ ಬಳಿಗೇ ಹೋದೆ. ಚಿಕಿತ್ಸಾಲಯದ ಬೀಗವನ್ನು ಅವರ ಹೆಸರಿನಲ್ಲಿ ತೆಗೆಸಿದೆವು. ಡೀನಾಳೂ ಬಂದಳು, ಮೂಲೆಯ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಹೊರಗಿದ್ದರೆ ಅವು ತಾವಾಗಿ ಕೆಲಸಕ್ಕೆ ಹೋಗಿಬಿಡುತ್ತವೆ ಎಂದಳು.

ನಾನು ಬೂಟು, ಕಾಲುಚೀಲ, ಪಟ್ಟಿ ಎಲ್ಲ ಬಿಚ್ಚಿ ಎರಡೂ ಕಾಲುಗಳನ್ನು ಮೇಜಿನ ಮೇಲಿಟ್ಟೆ. ಡಾಕ್ಟರು ಕನ್ನಡಕ ಏರಿಸಿ, ಇಳಿಸಿ, ದೀಪ ಹತ್ತಿರ ಎಳೆದುಕೊಂಡರು. ಕೈ ನಡುಗುತ್ತಿತ್ತು. ಆದರೂ ಎಷ್ಟು ಶ್ರದ್ಧೆಯಿಂದ ತೊಳೆದರು, ಒರೆಸಿದರು, ಮುಲಾಮು ಹಚ್ಚಿದರು, ಬಿಳಿ ಪಟ್ಟಿಯನ್ನು ಒಂದೊಂದೇ ಸುತ್ತು ಸುತ್ತಿದರು. ಅರ್ಧ ಗಂಟೆ ಹಿಡಿಯಿತು. ನನಗೂ ಬಾಯಿ ಬರಲಿಲ್ಲ, ಡೀನಾಳಿಗೂ ಬರಲಿಲ್ಲ. ಅವರು ಕಟ್ಟಿದ್ದು ಬಲಗಾಲಿಗೆ. ಹುಣ್ಣಿರುವುದು ಎಡಗಾಲಿನಲ್ಲಿ. ಕಾನೂನಿನ ದೃಷ್ಟಿಯಲ್ಲಿ ನನ್ನ ಚಿಕಿತ್ಸೆ ನಿರ್ದೋಷವಾಗಿತ್ತು.

ಕೊನೆಗೆ ಡೀನಾ, "ಡಾಕ್ಟ್ರೇ, ಇನ್ನೊಂದು ಕಾಲು" ಎಂದಳು, ತೀರ ಮೆಲ್ಲಗೆ.

ಅವರು ಪಟ್ಟಿಯ ಸುರುಳಿ ಕೆಳಗಿಟ್ಟು, ಕನ್ನಡಕ ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ, "ನನ್ನ ಕಣ್ಣು ಹೋಗಿದೆ ಮಾವಿಸ್, ಕೈಯೂ ಹೋಗಿದೆ. ಲೈಸೆನ್ಸೊಂದು ಚೆನ್ನಾಗಿದೆ" ಎಂದರು. ನನ್ನ ಹೆರಿಗೆ ಮಾಡಿಸಿದ ಕೈ ಅದು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ತಮ್ಮ ಮೇಲೆ ಬಂತು. ಆ ಮುದುಕರನ್ನು ಆ ಕುರ್ಚಿಯಲ್ಲಿ ಕೂರಿಸಿ ಅವಮಾನ ಮಾಡಿದ್ದು ತಾವು. ಎಂಬತ್ತಾರರಲ್ಲಿ ಕಣ್ಣು ಕಾಣದವರ ಕೈಗೆ ಹೊಟ್ಟೆ ಕುಯ್ಯುವ ಅಧಿಕಾರವನ್ನೂ ಉಳಿಸಿ, ನಲವತ್ತೇಳರ ಗಟ್ಟಿ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿದ್ದೀರಿ. ಇದಕ್ಕೆ ಜನರ ಸುರಕ್ಷತೆ ಎಂದು ಹೆಸರಿಟ್ಟಿದ್ದೀರಿ.

ನನ್ನ ಎಡಗಾಲಿನ ಹುಣ್ಣಿನ ಅಂಚು ಈಗ ಕಪ್ಪಾಗಿದೆ. ಪ್ರತಿ ದಿನ ಕನ್ನಡಿ ಹಿಡಿದು ನೋಡಿಕೊಳ್ಳುತ್ತೇನೆ. ಲೈಲ್ ಎರಡು ಸಲ ಕಾರು ತೆಗೆದ, ಎರಡು ಸಲವೂ ಹಿಮಗಾಳಿ ದಾರಿ ಮುಚ್ಚಿ ಅರ್ಧದಿಂದ ವಾಪಸು ಬಂದೆವು. ತಮ್ಮ ವಿಚಾರಣೆ ಇನ್ನು ಮೂರು ವಾರಕ್ಕೆ. ಕಾಲಿಗೆ ಅಷ್ಟು ಪುರುಸೊತ್ತು ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿರುವವಳು ನೋಡುವ ಹಾಗಿಲ್ಲ.

ಅನುಭವವಿಲ್ಲದ ಹೊಸಬರಿಗೆ ಹಿರಿಯರ ಉಸ್ತುವಾರಿ ಬೇಡವೇ ಎಂದು ತಾವು ಕೇಳಬಹುದು. ಬೇಕು, ಧಾರಾಳವಾಗಿ ಇರಲಿ. ನಾನು ಬಸ್ಸು ಓಡಿಸಿದ ಮೊದಲ ಚಳಿಗಾಲದಲ್ಲಿ ನನ್ನ ಪಕ್ಕದಲ್ಲೂ ಹಳೆಯ ಡ್ರೈವರ್ ಇದ್ದ. ಎರಡನೆಯ ಚಳಿಗಾಲಕ್ಕೆ ಇಳಿದುಹೋದ. ಹದಿನಾರನೆಯ ವರ್ಷದಲ್ಲೂ ಅವನು ಪಕ್ಕದಲ್ಲೇ ಕೂತಿರಬೇಕು, ನಿದ್ದೆ ಹೋಗಿದ್ದರೂ ಪರವಾಗಿಲ್ಲ, ಅವನಿಲ್ಲದಿದ್ದರೆ ಮಕ್ಕಳನ್ನು ಹಿಮದಲ್ಲೇ ಇಳಿಸಿಬಿಡು ಎಂದು ನನಗೆ ಯಾರೂ ಹೇಳಲಿಲ್ಲ. ತನಗೆ ಬಾರದ್ದು ಬಂದಾಗ ಡೀನಾ ತಾನೇ ದೊಡ್ಡ ಆಸ್ಪತ್ರೆಗೆ ಫೋನು ಮಾಡುತ್ತಾಳೆ, ಲೈಲ್‌ನ ಎದೆನೋವಿಗೆ ಮಾಡಿದಂತೆ. ಅದಕ್ಕೆ ಯಾವ ನಿಯಮವೂ ಅವಳನ್ನು ತಳ್ಳಬೇಕಾಗಿ ಬಂದಿಲ್ಲ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಡೀನಾ ಹೌಗ್ಲಿಯ ಪರವಾನಗಿಯನ್ನು ವಿಚಾರಣೆಗೆ ಕಾಯದೆ ಹಿಂದಿರುಗಿಸಿ. ಇಂತಿಷ್ಟು ವರ್ಷ ಕೆಲಸ ಮಾಡಿ ಪಳಗಿದ ವೈದ್ಯ ಸಹಾಯಕರು ತಮ್ಮ ಸ್ವಂತ ಪರವಾನಗಿಯ ಮೇಲೆ, ತಮ್ಮ ಹೊಣೆಯಲ್ಲಿ ಚಿಕಿತ್ಸೆ ನೀಡಬಹುದು ಎಂದು ನಿಯಮ ತಿದ್ದಿ. ಬೂಟು ಬರೆಯಲಿ, ಸಾವನ್ನೂ ಬರೆಯಲಿ. ಟ್ವೆಟನ್ ಡಾಕ್ಟರನ್ನು ಬಿಡುಗಡೆ ಮಾಡಿ, ಅವರು ಉಪ್ಪು ತಿನ್ನಲಿ, ಅವರ ಏಣಿಯನ್ನು ನಾವು ವಾಪಸು ಕೊಡುತ್ತೇವೆ. ಮುನ್ನೂರ ನಲವತ್ತು ಜನರ ಆರೋಗ್ಯ ತನ್ನ ನಾಡಿಯಲ್ಲಿದೆ ಎಂಬ ಭಾರವಿಲ್ಲದೆ ಒಬ್ಬ ಮನುಷ್ಯ ಸಾಯುವಂತಾಗಬೇಕು.

ಸ್ಥಳೀಯ ಮಹಿಳೆ ಆ ದಿನ ಏನು ಮಾಡಿದಳು ಎಂದು ಈಗ ತಮಗೆ ಗೊತ್ತು. ತಮ್ಮ ಆದೇಶದ ಪ್ರಕಾರ ಡೀನಾ ತಪ್ಪು ಮಾಡಿದಳು, ಅನುಮತಿಯಿಲ್ಲದೆ ಸೂಜಿ ಚುಚ್ಚಿದಳು. ಡಾಕ್ಟರು ತಪ್ಪು ಮಾಡಿದರು, ಫೋನು ಎತ್ತಲಿಲ್ಲ. ನಾನು ಬಾಗಿಲ ಹೊರಗೆ ತಿಂಡಿಯ ಪಾತ್ರೆ ಹಿಡಿದು, ಕರೆಯುವವರೆಗೆ ಕಾಯುತ್ತ, ಹಲಗೆಯೊಂದರ ಆಚೆ ಒಬ್ಬ ಮನುಷ್ಯ ಸಾಯುತ್ತಿದ್ದ ಹನ್ನೊಂದು ನಿಮಿಷವೂ ಸುಮ್ಮನೆ ನಿಂತಿದ್ದೆ. ಅವತ್ತು ಆ ಕೆರೆಯ ಮೇಲೆ ಒಂದೇ ಒಂದು ನಿಯಮವನ್ನೂ ಮುರಿಯದವಳು ನಾನೊಬ್ಬಳೇ.

ಇಂತಿ,
ತಮ್ಮ ದಾಖಲೆಯಲ್ಲಿ ಯಾವ ತಪ್ಪೂ ಇಲ್ಲದ,
ಎಡಗಾಲು ಸದ್ಯಕ್ಕೆ ಇರುವ,
ಮಾವಿಸ್ ಎಂಗರ್
ಸ್ಕಾರ್‌ವಿಕ್